ಬೆನ್ನು ಹತ್ತಿತೋ ಇಲ್ಲವೋ: ಕುಸ್ತಿ ಕಣದಲ್ಲಿ ತೀರ್ಪು ಕೊಡುವ ಬಗೆ

ಒಬ್ಬ ಪೈಲ್ವಾನ ಎದುರಾಳಿಯ ಕಾಲಿಗೆ ಕೈ ಹಾಕಿ ಐದು ಸಲ ಕೆಡವುತ್ತಾನೆ. ಐದೂ ಸಲ ಎದುರಾಳಿ ಬೋರಲು ಬಿದ್ದು, ಮೊಣಕೈ ಊರಿ, ನೆಲ ಕಚ್ಚಿ ಮಲಗುತ್ತಾನೆ. ಧಾರವಾಡದ ಮ್ಯಾಟಿನ ಮೇಲೆ ಇದು ನಡೆದರೆ ಒಂದೊಂದಕ್ಕೆ 2 ಅಂಕದಂತೆ 10–0 ಆಗುತ್ತದೆ. ರೆಫ್ರಿ ಸೀಟಿ ಊದಿ ಕುಸ್ತಿ ಮುಗಿಸಿ ಗೆದ್ದವನ ಕೈ ಎತ್ತುತ್ತಾನೆ. ನವಲಗುಂದದ ಕಡೆ ಯಾವುದೋ ಜಾತ್ರೆಯ ಮಣ್ಣಿನ ಕಣದಲ್ಲಿ ಇಷ್ಟೆಲ್ಲ ಆದರೂ ಏನೂ ಆದಂತಲ್ಲ. ಅಲ್ಲಿನ ತೀರ್ಪುಗಾರರಾದ ಪಂಚರು "ಎದ್ದ ಹಿಡೀರಿ" ಅನ್ನುತ್ತಾರೆ, ಹಲಗಿ ಮತ್ತೆ ಬಡಿಯುತ್ತದೆ, ಇನಾಮು ಇಟ್ಟಲ್ಲೇ ಇರುತ್ತದೆ. ಆರನೇ ಸಲ ಕೆಡವಲು ಹೋದವನನ್ನು ಕೆಳಗಿನವನೇ ಉರುಳಿಸಿ ಬೆನ್ನಿಗೆ ಮಣ್ಣು ಹತ್ತಿಸಿದರೆ ಗೆಲುವು ಅವನದು. ಹಿಂದಿನ ಐದರ ಲೆಕ್ಕ ಯಾರೂ ಕೇಳುವುದಿಲ್ಲ.

ಪೈಲ್ವಾನರು ಅವರೇ, ಪಟ್ಟುಗಳೂ ಅವೇ, ಅಳೆಯುವ ಕೋಲು ಮಾತ್ರ ಬೇರೆ. ಮಣ್ಣಿನಲ್ಲಿ ತೀರ್ಪುಗಾರನ ಮುಂದಿರುವುದು ಒಂದೇ ಪ್ರಶ್ನೆ: ಬೆನ್ನು ಹತ್ತಿತೋ ಇಲ್ಲವೋ. ಮ್ಯಾಟಿನಲ್ಲಿ ಆರು ನಿಮಿಷವೂ ಲೆಕ್ಕ ಇಡುತ್ತಲೇ ಇರಬೇಕು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಎರಡೂ ನಡೆಯುತ್ತವೆ. ಜಾತ್ರೆಗಳಲ್ಲಿ 'ಜಂಗಿ ನಿಕಾಲಿ ಕುಸ್ತಿ' (ಸೋಲು-ಗೆಲುವು ಇತ್ಯರ್ಥವಾಗುವ ದೊಡ್ಡ ಕುಸ್ತಿ) ಎಂದು ಕರಪತ್ರ ಹೊಡೆಸಿ ಮಣ್ಣಿನ ಕುಸ್ತಿ ಆಡಿಸುತ್ತಾರೆ. 2020ರ ಫೆಬ್ರವರಿಯಲ್ಲಿ ಧಾರವಾಡದಲ್ಲಿ ನಡೆದ ಕರ್ನಾಟಕ ಕುಸ್ತಿ ಹಬ್ಬದಂಥ ದೊಡ್ಡ ಕೂಟಗಳಲ್ಲಿ ಮ್ಯಾಟು, ತೂಕ, ಅಂಕದ ಪದ್ಧತಿ. ಮೈಸೂರು ದಸರಾದಲ್ಲೂ ನಾಡಕುಸ್ತಿ ಬೇರೆ, ಪಾಯಿಂಟ್ ಕುಸ್ತಿ ಬೇರೆ. ಎರಡನ್ನೂ ನೋಡುವ ಜನ ಒಂದರ ಕೋಲು ಹಿಡಿದು ಇನ್ನೊಂದನ್ನು ಅಳೆಯುತ್ತಾರೆ, ಅರ್ಧಕ್ಕರ್ಧ ತಕರಾರು ಅಲ್ಲೇ ಹುಟ್ಟುತ್ತದೆ.

ಮೂರನೆಯದೂ ಒಂದಿದೆ, ಟಿವಿಯ ಡಬ್ಲ್ಯುಡಬ್ಲ್ಯುಇ. ಅದನ್ನು ನೋಡಿ ಬೆಳೆದ ಹುಡುಗರು ಕಣದ ಪಕ್ಕ ನಿಂತು "ಮೂರು ಎಣಿಸಲೇ ಇಲ್ಲಲ್ರೀ" ಅನ್ನುವುದುಂಟು. ಅಲ್ಲಿ ಭುಜ ಒತ್ತಿ ಹಿಡಿದಿರುವಾಗ ರೆಫ್ರಿ ಮೂರು ಸಲ ಕೈ ಬಡಿಯಬೇಕು, ಬಿದ್ದವನ ಕಾಲು ಹಗ್ಗಕ್ಕೆ ಸಿಕ್ಕರೆ ಎಣಿಕೆ ನಿಲ್ಲುತ್ತದೆ. ಗೆಲ್ಲುವವನು ಯಾರೆಂದು ಮೊದಲೇ ಗೊತ್ತಿರುವ ಆಟ ಅದು, ರೆಫ್ರಿಯೂ ಒಬ್ಬ ಪಾತ್ರಧಾರಿ. ನಮ್ಮ ಎರಡೂ ಕಣಗಳಲ್ಲಿ ಎಣಿಕೆ ಎಂಬುದೇ ಇಲ್ಲ.

ಮಣ್ಣು ಸರಿ ಇದ್ದರೆ ಕಣ್ಣು ಸರಿ

ಗದಗ, ನರಗುಂದ, ನವಲಗುಂದದ ಕಡೆ ನೆಲ ಎರಿ, ಅಂದರೆ ಕಪ್ಪು ಮಣ್ಣು. ಎರಿ ಮಣ್ಣು ಹಸಿಯಾದರೆ ಮೈಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಹೆಂಟೆ ಕಟ್ಟುತ್ತದೆ. ಕುಸ್ತಿಗೆ ಅದು ಬರುವುದಿಲ್ಲ. ಮಸಾರಿ, ಅಂದರೆ ಕೆಂಪು ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತಂದು, ಜರಡಿ ಹಿಡಿದು, ಹರಳು ಆರಿಸಿ, ಎಣ್ಣೆ, ಅರಿಷಿಣ, ಮಜ್ಜಿಗೆ, ಲಿಂಬೆರಸ, ಕರ್ಪೂರ ಕೂಡಿಸಿ ಹದ ಮಾಡುತ್ತಾರೆ. ಹದ ನೋಡಲು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡಿ ಆಗಬೇಕು, ಬೆರಳಿನಿಂದ ತಟ್ಟಿದರೆ ಉದುರಿ ಬೀಳಬೇಕು.

ಮೈಗೆ ಪೆಟ್ಟಾಗದಿರಲಿ ಎಂಬುದು ಈ ಹದದ ಒಂದು ಕಾರಣ. ತೀರ್ಪು ಕೊಡುವವನಿಗೂ ಅದು ಬೇಕು. ಒಣಮಣ್ಣಾದರೆ ಪೈಲ್ವಾನ ಬಿದ್ದ ಕ್ಷಣವೇ ಧೂಳೆದ್ದು ಭುಜ ಮರೆಯಾಗುತ್ತದೆ. ನೋಡಬೇಕಾದ ಕ್ಷಣವೂ ಅದೇ. ತೀರಾ ಹಸಿಯಾದರೆ ಮೊದಲ ಹಿಡಿತದಲ್ಲೇ ಬೆನ್ನೆಲ್ಲ ಕೆಸರಾಗಿ, ಆಮೇಲೆ ಹತ್ತಿದ್ದಕ್ಕೂ ಮೊದಲು ಹತ್ತಿದ್ದಕ್ಕೂ ಫರಕು ತಿಳಿಯುವುದಿಲ್ಲ. ನಾಲ್ಕೈದು ಜೋಡಿ ಆಡಿದ ಮೇಲೆ ಕಣದಲ್ಲಿ ತಗ್ಗು ದಿನ್ನೆ ಏಳುತ್ತವೆ. ದಿನ್ನೆಯ ಮೇಲೆ ಬಿದ್ದವನ ಭುಜ ತಾನಾಗಿ ಇಳಿಯಬೇಕಿಲ್ಲ, ಮಣ್ಣೇ ಮೇಲೆದ್ದು ಭುಜ ಮುಟ್ಟಿರುತ್ತದೆ. ತಗ್ಗಿನಲ್ಲಿ ಬಿದ್ದವನ ಬೆನ್ನು ಪೂರ್ತಿ ಮಲಗಿದ್ದರೂ ಒಂದು ಹೆಗಲು ಗಾಳಿಯಲ್ಲಿ. ಹೀಗಾಗಿ ನಡುನಡುವೆ ಸಲಿಕೆ ಹಿಡಿದು ಮಣ್ಣು ಸಮ ಮಾಡುವವನೊಬ್ಬ ಇರಲೇಬೇಕು. ದೊಡ್ಡ ಜೋಡಿ ಬಿಡುವ ಮುಂಚೆಯಂತೂ ಅದು ತಪ್ಪಬಾರದು.

ಜೋಡಿ ಹಚ್ಚುವುದು

ಮ್ಯಾಟಿನಲ್ಲಿ ಜೋಡಿಯನ್ನು ತಕ್ಕಡಿ ಹಚ್ಚುತ್ತದೆ. ಒಲಿಂಪಿಕ್ಸ್‌ನಲ್ಲಿ ಗಂಡಸರ ಫ್ರೀಸ್ಟೈಲಿಗೆ (ಕಾಲನ್ನೂ ಹಿಡಿಯಬಹುದಾದ ಮ್ಯಾಟ್ ಕುಸ್ತಿ) 57, 65, 74, 86, 97, 125 ಕಿಲೊ. ಹೆಂಗಸರಿಗೆ 50, 53, 57, 62, 68, 76. ಈ ತಕ್ಕಡಿಗೆ ದಯೆದಾಕ್ಷಿಣ್ಯ ಇಲ್ಲ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೊ ವಿಭಾಗದ ಫೈನಲ್ ತಲುಪಿದ್ದರೂ, ಎರಡನೇ ದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಕಣಕ್ಕಿಳಿಯಲಿಲ್ಲ.

ಮಣ್ಣಿನಲ್ಲಿ ತಕ್ಕಡಿ ಇಲ್ಲ, ಪಂಚರ ಕಣ್ಣೇ ತಕ್ಕಡಿ. ದೊಡ್ಡ ಜೋಡಿಗಳನ್ನು ಉಸ್ತಾದರ ಮೂಲಕ ಮೊದಲೇ ಗೊತ್ತು ಮಾಡಿ ಕರಪತ್ರದಲ್ಲಿ ಹಾಕಿರುತ್ತಾರೆ. ಸಣ್ಣ ಹುಡುಗರ ಜೋಡಿ ಕಣದಲ್ಲೇ ಆಗಬೇಕು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಎತ್ತರ ನೋಡುವುದು ಎಲ್ಲರೂ ಮಾಡುವ ಕೆಲಸ. ಬಲ್ಲವರು ಕುತ್ತಿಗೆ, ಮುಂಗೈ, ಕಿವಿ ನೋಡುತ್ತಾರೆ. ಮುರುಟಿದ ಕಿವಿ ಇದ್ದವನು ವರ್ಷಗಟ್ಟಲೆ ತಾಲೀಮು ಮಾಡಿದವನು. ಅವನನ್ನು ಹೊಲದ ಕೆಲಸದಿಂದ ಮೈಕಟ್ಟು ಬಂದ ಹುಡುಗನ ಜೋಡಿ ಬಿಟ್ಟರೆ ತೂಕ ಸಮ ಇದ್ದರೂ ಹತ್ತೇ ಸೆಕೆಂಡಿನ ಆಟ. ಯಾವ ಗರಡಿ, ಎಷ್ಟು ವರ್ಷದ ತಾಲೀಮು, ಮ್ಯಾಟಿನಲ್ಲಿ ಯಾವ ತೂಕಕ್ಕೆ ಆಡುತ್ತಾನೆ ಎಂಬ ಮೂರು ಪ್ರಶ್ನೆ ಕೇಳಿದರೆ ಬಹುತೇಕ ಎಲ್ಲ ತಿಳಿಯುತ್ತದೆ. ಜೋಡಿ ತಪ್ಪಿದರೆ ಆಮೇಲೆ ಎಂಥ ಒಳ್ಳೆ ಪಂಚನಿದ್ದರೂ ಕುಸ್ತಿ ಕೆಡುತ್ತದೆ. ದೊಡ್ಡವನು ಬಂದ ಕೂಡಲೇ ಎತ್ತಿ ಹೊಡೆಯುತ್ತಾನೆ, ಇಲ್ಲವೆ ಸಣ್ಣವನು ಬೋರಲು ಮಲಗಿ ಹೊತ್ತು ಕಳೆಯುತ್ತಾನೆ. ಜನ ಎರಡಕ್ಕೂ ಬೈಯುವುದು ಪಂಚರನ್ನೇ.

ಬೆನ್ನು ನೋಡುವ ವಿದ್ಯೆ

ಚಿತ್ ಎಂದರೆ ಎರಡೂ ಹೆಗಲೆಲುಬು ಒಂದೇ ಹೊತ್ತಿಗೆ ನೆಲ ಮುಟ್ಟುವುದು. ಸೊಂಟ ಹತ್ತಿದರೆ ಚಿತ್ ಅಲ್ಲ, ಒಂದು ಭುಜ ಹತ್ತಿ ಇನ್ನೊಂದು ಎದ್ದಿದ್ದರೂ ಅಲ್ಲ. ತಲೆ ಮತ್ತು ಪಾದ ಊರಿ ಮೈಯನ್ನು ಕಮಾನಿನಂತೆ ಎತ್ತಿ ಹಿಡಿದವನು ಎಷ್ಟೇ ಕಷ್ಟದಲ್ಲಿ ಕಂಡರೂ ಸೋತಿಲ್ಲ.

ಇದನ್ನು ನಿಂತು ನೋಡಲಾಗುವುದಿಲ್ಲ. ನಿಂತವನ ಕಣ್ಣಿಗೆ ಮೇಲಿನವನ ಬೆನ್ನು ಕಾಣುತ್ತದೆ, ಕೆಳಗಿನವನ ಭುಜ ಕಾಣುವುದಿಲ್ಲ. ಪಂಚ ಮೊಣಕಾಲೂರಿ, ಕೆಳಗಿನವನ ತಲೆಯ ಕಡೆಗೆ, ಒಂದು ತೋಳಿನಷ್ಟು ದೂರದಲ್ಲಿ ಕೂತು, ಗದ್ದ ನೆಲಕ್ಕೆ ತಾಗುವಷ್ಟು ಬಾಗಬೇಕು. ತಲೆಯ ಕಡೆಯಿಂದ ನೋಡಿದರೆ ಎಡ ಬಲ ಎರಡೂ ಭುಜದ ಕೆಳಗಿನ ಸಂದು ಕಾಣುತ್ತದೆ. ಪಕ್ಕದಿಂದ ನೋಡಿದವನಿಗೆ ಹತ್ತಿರದ ಭುಜ ಮಾತ್ರ ಕಾಣುತ್ತದೆ, ಆಚೆಯದು ಊಹೆ. ತಪ್ಪು ತೀರ್ಪುಗಳಲ್ಲಿ ಬಹಳಷ್ಟು ಪಕ್ಕದಿಂದ ಕೂಗಿದವು. ಆದರೆ ಮೇಲಿನವನು ಕುತ್ತಿಗೆಗೆ ತೋಳು ಸುತ್ತಿದ್ದರೆ ತಲೆಯ ಕಡೆಯ ನೋಟ ಮುಚ್ಚುತ್ತದೆ. ಅದಕ್ಕೇ ಇನ್ನೊಬ್ಬ ಪಂಚ ಆಚೆ ಭುಜದ ಮಗ್ಗುಲಿಗೆ ಹೋಗಿ ಕೂರಬೇಕು. ಇಬ್ಬರೂ ಒಂದೇ ಕಡೆ ಗುಂಪಾದರೆ ಇಬ್ಬರಿದ್ದೂ ಒಬ್ಬನಿದ್ದ ಹಾಗೆ.

ಕಣ್ಣು ಎಲ್ಲಿರಬೇಕು ಎನ್ನುವುದಕ್ಕೂ ಒಂದು ಕ್ರಮ ಇದೆ. ಕಮಾನು ಕಟ್ಟಿದವನ ಸೊಂಟ ಮೊದಲು ಇಳಿಯುತ್ತದೆ, ಭುಜ ಆಮೇಲೆ. ಸೊಂಟ ಕುಸಿದದ್ದು ಕಂಡ ಕೂಡಲೇ ದೃಷ್ಟಿ ಭುಜಕ್ಕೆ ಹೋಗಬೇಕು. ಒಂದು ಭುಜ ಆಗಲೇ ಹತ್ತಿದ್ದರೆ ಅದನ್ನು ಬಿಟ್ಟು ಎದ್ದಿರುವ ಭುಜದ ಮೇಲೇ ಕಣ್ಣಿಡಬೇಕು. ಆ ಸಂದಿನಲ್ಲಿ ಬೆಳಕು ಕಾಣುವವರೆಗೆ ಕುಸ್ತಿ ಜೀವಂತ. ಮುಖ ನೋಡಬಾರದು. ನೋವಿಗೆ ಮುಖ ಕಿವುಚಿದವನನ್ನು ನೋಡಿ ಸೋತನೆಂದು ಕೈ ಎತ್ತಿದ ಪಂಚರಿದ್ದಾರೆ.

ತಕರಾರು ಬಂದಾಗ "ಬೆನ್ನ ತೋರ್ಸು" ಅನ್ನುವುದು ಹಳೆಯ ರೂಢಿ. ಎರಡೂ ಹೆಗಲೆಲುಬಿನ ಮೇಲೆ ಹಸಿಮಣ್ಣು ಒತ್ತಿ ಕೂತಿದ್ದರೆ ಒಂದು ಅರ್ಥ. ಅಡ್ಡಗೆರೆಯಾಗಿ ಒರಸಿಕೊಂಡಿದ್ದರೆ ಉರುಳುವಾಗ ಹತ್ತಿದ್ದು. ಇದು ಪೂರಕ ಸಾಕ್ಷಿ ಅಷ್ಟೇ. ಹಿಡಿತ ಜಾರದಿರಲೆಂದು ಇಬ್ಬರೂ ಶುರುವಿಗೇ ಒಬ್ಬರ ಮೈಗೊಬ್ಬರು ಮಣ್ಣೆರಚಿಕೊಂಡಿರುತ್ತಾರೆ. ಹತ್ತು ನಿಮಿಷ ಕಣದಲ್ಲಿ ಹೊರಳಿದವನ ಬೆನ್ನಿನಲ್ಲಿ ಏನು ಬೇಕಾದರೂ ಓದಬಹುದು. ಕಣ್ಣಿಗೆ ಕಾಣದ ಚಿತ್ ಅನ್ನು ಮಣ್ಣು ನೋಡಿ ಕೊಡುವುದು ತಪ್ಪು ಎಂದೇ ನಮ್ಮ ಅಭಿಪ್ರಾಯ. ಕಾಣಲಿಲ್ಲ ಅಂದರೆ ಆಗಲಿಲ್ಲ, ಮತ್ತೆ ಹಿಡಿಸಬೇಕು.

ಅತಿ ಕಠಿಣವಾದದ್ದು ಇಬ್ಬರೂ ಕೂಡಿ ಉರುಳುವ ಪಟ್ಟು. ಢಾಕ ಹೊಡೆಯುವವನು ಎದುರಾಳಿಯ ತೋಳು ಸಿಕ್ಕಿಸಿಕೊಂಡು, ತಾನೂ ತಿರುಗಿ, ಅವನನ್ನು ಸೊಂಟದ ಮೇಲಿಂದ ಎಸೆಯುತ್ತಾನೆ. ರಭಸಕ್ಕೆ ಎಸೆದವನೇ ತನ್ನ ಬೆನ್ನಿನ ಮೇಲೆ ಹಾಯ್ದು ಹೋಗುವುದುಂಟು. ಮಣ್ಣಿನಲ್ಲಿ ಯಾರ ಎರಡೂ ಭುಜ ಮೊದಲು ಹತ್ತಿದವೋ ಅವನು ಸೋತ, ಎಸೆದವನಾದರೂ ಸೈ. ಕೆಲವು ಊರುಗಳಲ್ಲಿ ಕ್ಷಣ ಹತ್ತಿದರೂ ಚಿತ್, ಕೆಲವೆಡೆ ಒತ್ತಿ ಹಿಡಿದರೆ ಮಾತ್ರ. ಎರಡರಲ್ಲಿ ಯಾವುದಾದರೂ ಆಗಲಿ, ಮೈಕಿನಲ್ಲಿ ಮೊದಲೇ ಸಾರಬೇಕು. ಸಾರದೆ ಬಿಟ್ಟರೆ ಸೋತವನ ಕಡೆಯವರು ತಮಗೆ ಬೇಕಾದ ನಿಯಮವನ್ನು ಆಮೇಲೆ ತರುತ್ತಾರೆ.

ಮಲಗಿದವನನ್ನು ಏನು ಮಾಡುವುದು

ಬೋರಲು ಮಲಗಿದವನ ಮೇಲೆ ಕೂತು ತಿರುಗಿಸುವುದೇ ಮಣ್ಣಿನ ಕುಸ್ತಿಯ ಬಹುಪಾಲು ಹೊತ್ತು. ಲಂಗೋಟಿ ಹಿಡಿದು ಮುಂದಕ್ಕೊತ್ತಿ ಉರುಳಿಸುವ ಘಿಸ್ಸಾದಂಥ ಪಟ್ಟು ಇಲ್ಲೇ ನಡೆಯುವುದು. ಮಣ್ಣಿನಲ್ಲಿ ಲಂಗೋಟಿ, ಚಡ್ಡಿ ಹಿಡಿಯಬಹುದು; ಮ್ಯಾಟಿನಲ್ಲಿ ಬಟ್ಟೆ ಹಿಡಿದರೆ ತಪ್ಪು. ಗರಡಿಯಿಂದ ನೇರ ಮ್ಯಾಟಿಗೆ ಹೋದ ಹುಡುಗರು ಮೊದಲ ವರ್ಷ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಈ ಕೈಚಾಳಿಯಿಂದ.

ಮೇಲಿನವನು ಪಟ್ಟು ಹಾಕುತ್ತಲೇ ಇದ್ದರೆ ಬಿಡಬೇಕು. ಇಬ್ಬರೂ ಸುಮ್ಮನೆ ಉಸಿರು ತಗೊಳ್ಳುತ್ತಿದ್ದರೆ ಎಬ್ಬಿಸಿ ನಡುಗಣಕ್ಕೆ ತರಬೇಕು. ಈ ವ್ಯತ್ಯಾಸ ತಿಳಿಯಲು ಮೇಲಿನವನ ಕಾಲು ನೋಡಿ. ತಿರುಗಿಸುವ ಮನಸ್ಸಿದ್ದವನ ಕಾಲ್ಬೆರಳು ಮಣ್ಣಿನಲ್ಲಿ ಊರಿರುತ್ತದೆ, ವಿಶ್ರಾಂತಿಗೆ ಕೂತವನ ಮೊಣಕಾಲು ಮಾತ್ರ. ಕಣದ ಅಂಚಿಗೆ ಸರಿದು ಜನರ ಮೇಲೆ ಬೀಳುವವನನ್ನೂ ಹೀಗೇ ನಡುವೆ ತಂದು ನಿಲ್ಲಿಸುತ್ತಾರೆ. ಗಂಟಲು ಅಮುಕುವುದು, ಒಂದೇ ಬೆರಳು ಹಿಡಿದು ತಿರುಚುವುದು, ಕಣ್ಣಿಗೆ ಬೆರಳು, ಕಚ್ಚುವುದು ಎರಡೂ ಕಣದಲ್ಲಿ ನಿಷಿದ್ಧ.

ಇನಾಮು ದೊಡ್ಡದಾದಷ್ಟೂ ಇನ್ನೊಂದು ರೋಗ ಹತ್ತುತ್ತದೆ. ಇಬ್ಬರೂ ಮೊದಲೇ ಮಾತಾಡಿಕೊಂಡು ಹೊತ್ತು ಕಳೆದು, ಸಮ ಮಾಡಿಸಿಕೊಂಡು, ದುಡ್ಡು ಹಂಚಿಕೊಳ್ಳುವುದು. ಕುತ್ತಿಗೆಗೆ ಕೈ ಹಾಕಿ ತಳ್ಳಾಡುತ್ತಾರೆ, ಕಾಲಿಗೆ ಹೋಗುವುದೇ ಇಲ್ಲ. ಹೋದರೂ ಕೈ ಮೊಣಕಾಲ ತನಕ ಬಂದು ತಾನೇ ವಾಪಸಾಗುತ್ತದೆ. ಇದಕ್ಕೆ ಮದ್ದು ಕರಾರಿನಲ್ಲಿದೆ. ದೊಡ್ಡ ಜೋಡಿಗೆ 20 ಅಥವಾ 30 ನಿಮಿಷ ಎಂದು ಹೊತ್ತು ಗೊತ್ತು ಮಾಡಿ, ಅಷ್ಟರಲ್ಲಿ ಚಿತ್ ಆಗದಿದ್ದರೆ ಅಂಕದ ಮೇಲೆ ಹಿಡಿಸಿ, ಮೊದಲು ಅಂಕ ಗಳಿಸಿದವನನ್ನು ಗೆಲ್ಲಿಸುವುದು ಈಗ ಹಲವು ಕಡೆ ನಡೆಯುತ್ತಿದೆ. ಅಪ್ಪಟ ಮಣ್ಣಿನ ಅಭಿಮಾನಿಗಳು ಇದಕ್ಕೆ ಮೂಗು ಮುರಿಯುತ್ತಾರೆ. ಆದರೆ 'ನಿಕಾಲಿ' ಎಂದು ಕರಪತ್ರ ಹಂಚಿ, ಒಂದು ತಾಸು ತಳ್ಳಾಟ ನೋಡಿಸಿ, ಸಮ ಎಂದು ಕಳಿಸುವುದಕ್ಕಿಂತ ಇದು ವಾಸಿ. ಸಮ ಆದರೆ ಇನಾಮು ಅರ್ಧರ್ಧವೋ, ಪೂರ್ತಿ ಕಡಿತವೋ ಎಂಬುದೂ ಉಸ್ತಾದರ ಮುಂದೆ ಮೊದಲೇ ತೀರ್ಮಾನವಾಗಿರಬೇಕು.

ಮ್ಯಾಟಿನ ಲೆಕ್ಕ

ಮ್ಯಾಟಿನ ಕಣ 9 ಮೀಟರ್ ಅಡ್ಡಳತೆಯ ವೃತ್ತ. ಅದರ ಅಂಚಿನ 1 ಮೀಟರ್ ಬೇರೆ ಬಣ್ಣದ ಪಟ್ಟಿ. ಅಲ್ಲಿಗೆ ಬಂದವನು ಗಡಿಯಲ್ಲಿದ್ದಾನೆ ಎಂಬ ಎಚ್ಚರಿಕೆ. ದೊಡ್ಡವರಿಗೆ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. 17ರೊಳಗಿನವರಿಗೆ 2 ನಿಮಿಷದ ಎರಡು ಸುತ್ತು. ತೀರ್ಪುಗಾರರು ಮೂವರು. ಮ್ಯಾಟಿನ ಮೇಲೆ ರೆಫ್ರಿ, ಅಂಚಿನಲ್ಲಿ ಜಡ್ಜ್, ಎದುರು ಬದಿಯಲ್ಲಿ ಮ್ಯಾಟ್ ಚೇರ್ಮನ್. ಮೂವರಲ್ಲಿ ಇಬ್ಬರು ಒಪ್ಪಿದರೆ ಅಂಕ ನಿಲ್ಲುತ್ತದೆ. ರೆಫ್ರಿಯ ಎಡ ತೋಳಿಗೆ ಕೆಂಪು ಪಟ್ಟಿ, ಬಲ ತೋಳಿಗೆ ನೀಲಿ. ಯಾವ ಕೈ ಎತ್ತಿದನೋ ಆ ಬಣ್ಣದ ಉಡುಪಿನವನಿಗೆ ಅಂಕ.

ಫ್ರೀಸ್ಟೈಲಿನಲ್ಲಿ ಅಂಕ ಬೀಳುವ ಬಗೆ ಹೀಗೆ. ಎದುರಾಳಿಯ ಒಂದು ಕಾಲು ಗಡಿಯಾಚೆ ಪೂರ್ತಿ ಊರಿದರೆ 1. ಕೆಳಗೆ ಸಿಕ್ಕವನು ತಿರುಗಿ ಮೇಲೆ ಬಂದರೆ 1. ಕೆಡವಿ ಹಿಂದೆ ಹೋಗಿ ಹತೋಟಿಗೆ ತಂದರೆ 2. ಬೆನ್ನನ್ನು ಮ್ಯಾಟಿನ ಕಡೆ 90 ಡಿಗ್ರಿಗಿಂತ ಕಡಿಮೆ ಕೋನಕ್ಕೆ ತಿರುಗಿಸಿದರೆ 2. ನಿಂತಲ್ಲಿಂದ ಎತ್ತಿ ನೇರ ಬೆನ್ನ ಮೇಲೆ ಹಾಕಿದರೆ 4, ಮೈಯೆಲ್ಲ ಗಾಳಿಯಲ್ಲಿ ದೊಡ್ಡ ಸುತ್ತು ಹೊಡೆದು ಬೀಳುವಂತೆ ಎಸೆದರೆ 5. ಅಂತರ 10 ಆದ ಕೂಡಲೇ ಆಟ ಮುಗಿಯಿತು. ಸೊಂಟದ ಕೆಳಗೆ ಹಿಡಿಯುವಂತಿಲ್ಲದ ಗ್ರೀಕೊ-ರೋಮನ್‌ನಲ್ಲಿ ಆ ಅಂತರ 8.

ಇದರಲ್ಲಿ ಜನರಿಗೆ ಅರ್ಥವಾಗದೆ ಉಳಿಯುವುದು ಕೆಡವಿದ 2 ಅಂಕ. "ಬಿದ್ದನಲ್ಲ, ಯಾಕ ಕೊಡಲಿಲ್ಲ?" ಎಂಬ ಕೂಗು ಪ್ರತಿ ಕೂಟದಲ್ಲೂ ಕೇಳುತ್ತದೆ. ಬಿದ್ದರಷ್ಟೇ ಸಾಲದು. ಮೇಲಿನವನು ಹಿಂದಕ್ಕೆ ಹೋಗಿರಬೇಕು, ಕೆಳಗಿನವನ ಮೈ ಮೂರು ಕಡೆ ಮ್ಯಾಟಿಗೆ ಊರಿರಬೇಕು: ಎರಡು ಮೊಣಕಾಲು ಒಂದು ಕೈ, ಅಥವಾ ಎರಡು ಕೈ ಒಂದು ಮೊಣಕಾಲು, ಅಥವಾ ಎರಡು ಮೊಣಕಾಲು ಮತ್ತು ತಲೆ. ಒಂದು ಮೊಣಕಾಲೂರಿ ಒಂದು ಕೈ ಊರಿ, ಸೊಂಟ ತಿರುಗಿಸಿ ಎದುರಿಗೇ ಮುಖ ಮಾಡಿಕೊಂಡವನು ಇನ್ನೂ ಬಿದ್ದಿಲ್ಲ. ಹಾಗಾಗಿ ಅಂಕ ಎಣಿಸಲು ಕಲಿಯುವವರು ಮೇಲಿನವನನ್ನು ಬಿಟ್ಟು ಕೆಳಗಿನವನ ಮೊಣಕಾಲು ಕೈ ಎಣಿಸುವುದನ್ನು ಮೊದಲು ರೂಢಿ ಮಾಡಿಕೊಳ್ಳಬೇಕು.

ಢಾಕ ಹೊಡೆದು ತಾನೇ ಬೆನ್ನ ಮೇಲೆ ಹಾಯ್ದವನ ಪಾಡು ಇಲ್ಲಿ ಬೇರೆ. ಮ್ಯಾಟಿನಲ್ಲಿ ಹಾಗೆ ಕ್ಷಣ ಹತ್ತಿದ್ದು ಸೋಲಲ್ಲ, ಎದುರಾಳಿಗೆ 2 ಅಂಕ ಹೋಗುತ್ತದೆ ಅಷ್ಟೇ. ಚಿತ್ ಆಗಬೇಕಾದರೆ ಎರಡೂ ಭುಜ ಕೂಡಿ ಹತ್ತಿ, ಹತೋಟಿಯಲ್ಲಿ ನಿಂತದ್ದು ರೆಫ್ರಿಗೆ ಕಾಣಬೇಕು. ಅವನೊಬ್ಬನೇ ಮ್ಯಾಟು ಬಡಿದರೂ ಆಗುವುದಿಲ್ಲ. ಜಡ್ಜ್ ಇಲ್ಲವೇ ಚೇರ್ಮನ್ ಹೂಂಗುಟ್ಟಬೇಕು. ಭುಜ ಗಡಿಯಾಚೆ ಇದ್ದರೆ ಚಿತ್ ಇಲ್ಲ.

ಆದರೆ ಚಿತ್ ಆಯಿತೆಂದರೆ ಮ್ಯಾಟಿನಲ್ಲೂ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ 57 ಕಿಲೊ ಸೆಮಿಫೈನಲ್. ಭಾರತದ ರವಿ ದಹಿಯಾ ಕಜಕಸ್ತಾನದ ನುರಿಸ್ಲಾಮ್ ಸನಾಯೆವ್ ಎದುರು ಒಂದು ಹಂತದಲ್ಲಿ 2–9 ಹಿಂದಿದ್ದರು. 7–9 ಆಗಿದ್ದಾಗ ಸನಾಯೆವ್‌ನನ್ನು ಚಿತ್ ಮಾಡಿ ಫೈನಲ್ ಸೇರಿದರು. ಫಲಕದಲ್ಲಿ ಸೋತವನ ಅಂಕವೇ ಹೆಚ್ಚು. ಮಣ್ಣಿನ ನಿಯಮ ಮ್ಯಾಟಿನೊಳಗೂ ಬದುಕಿರುವುದು ಈ ಒಂದು ಜಾಗದಲ್ಲಿ.

ಏನೂ ಮಾಡದೆ ನಿಂತವನಿಗೂ ದಂಡ ಇದೆ. ಮೊದಲು ಬಾಯಿಮಾತಿನ ಎಚ್ಚರಿಕೆ. ಎರಡನೇ ಸಲ 30 ಸೆಕೆಂಡಿನ ಗಡಿಯಾರ ಶುರು ಮಾಡುತ್ತಾರೆ. ಅಷ್ಟರಲ್ಲಿ ಯಾರಿಗೂ ಅಂಕ ಬರದಿದ್ದರೆ ಎದುರಾಳಿಗೆ 1. ಮೊದಲ ಸುತ್ತಿನ 2 ನಿಮಿಷ ಕಳೆದರೂ 0–0 ಇದ್ದರೆ ಇಬ್ಬರಲ್ಲೊಬ್ಬನನ್ನು ಮಂದಗಾಮಿ ಎಂದು ಆರಿಸಲೇಬೇಕು.

ಒಂದು ಕುಸ್ತಿಯನ್ನು ಬರೆದು ನೋಡೋಣ. 2 ನಿಮಿಷ 0–0. ನೀಲಿಯವನ ಮೇಲೆ ಗಡಿಯಾರ ಶುರು, 30 ಸೆಕೆಂಡು ಖಾಲಿ ಹೋಯಿತು. ಕೆಂಪು 1–0. ಎರಡನೇ ಸುತ್ತಿನಲ್ಲಿ ನೀಲಿಯವನು ಕಲಾಜಂಗ ಹಾಕಿ, ಹೆಗಲ ಮೇಲಿಂದ ಎತ್ತಿ, ನೇರ ಬೆನ್ನ ಮೇಲೆ ಕೆಡವಿದ. 4 ಅಂಕ, 1–4. ಕೆಂಪಿನವನು ಕಮಾನು ಕಟ್ಟಿ ತಪ್ಪಿಸಿಕೊಂಡ. ಆಮೇಲೆ ನೀಲಿಯನ್ನು ಗಡಿಯಾಚೆ ತಳ್ಳಿದ, 2–4. ಕೊನೆಯ ಹತ್ತು ಸೆಕೆಂಡಿನಲ್ಲಿ ಕಾಲು ಹಿಡಿದು ಕೆಡವಿ ಹಿಂದೆ ಹೋದ, 4–4. ಗಂಟೆ ಬಾರಿಸಿತು, ಕೆಂಪಿನ ಕಡೆಯವರು ಕುಣಿಯುತ್ತಿದ್ದಾರೆ.

ಗೆದ್ದದ್ದು ನೀಲಿ. ಅಂಕ ಸಮ ಆದಾಗ ಮೊದಲು ನೋಡುವುದು ಯಾರ ಪಟ್ಟು ದೊಡ್ಡದು ಎಂದು. ನೀಲಿಯ 4ರ ಮುಂದೆ ಕೆಂಪಿನ 2 ನಿಲ್ಲುವುದಿಲ್ಲ. ಪಟ್ಟಿನ ಬೆಲೆಯೂ ಸಮ ಇದ್ದರೆ ಯಾರಿಗೆ ಶಿಸ್ತಿನ ಎಚ್ಚರಿಕೆ ಕಡಿಮೆ ಎಂದು, ಅದೂ ಸಮ ಇದ್ದರೆ ಕೊನೆಯ ಅಂಕ ಯಾರದು ಎಂದು. 1–1ರಲ್ಲಿ ಮುಗಿದ ಕುಸ್ತಿಯಲ್ಲಿ ಹಿಂದಿದ್ದು ಸಮ ಮಾಡಿದವನು ಗೆಲ್ಲುವುದು ಈ ಕೊನೆಯ ಲೆಕ್ಕದಿಂದ. ಇದು ತಿಳಿದ ಪೈಲ್ವಾನ 4–4 ಇದ್ದಾಗ ಫಲಕ ನೋಡಿ ನಿಲ್ಲುವುದಿಲ್ಲ, ತನ್ನ ದೊಡ್ಡ ಪಟ್ಟು ಯಾವುದಿತ್ತೆಂದು ನೆನಪಿಟ್ಟಿರುತ್ತಾನೆ.

ಈಗ ಕೆಂಪಿನ ಕೋಚ್ ಸ್ಪಂಜಿನ ತುಂಡು ಎಸೆದು ಚಾಲೆಂಜ್ ಕೇಳುತ್ತಾರೆ: ಕೊನೆಯ ಪಟ್ಟಿನಲ್ಲಿ ಬೆನ್ನೂ ತಿರುಗಿತ್ತು, ಇನ್ನೂ 2 ಬರಬೇಕು ಎಂದು. ಫಲಕದಲ್ಲಿ ಅಂಕ ಬಿದ್ದ 5 ಸೆಕೆಂಡಿನೊಳಗೆ ಕೇಳಬೇಕು. ವಿಡಿಯೊ ನೋಡಿ ಸರಿ ಎಂದರೆ ಅಂಕವೂ ಬರುತ್ತದೆ, ಚಾಲೆಂಜೂ ಉಳಿಯುತ್ತದೆ. ತಪ್ಪೆಂದರೆ ಎದುರಾಳಿಗೆ 1 ಅಂಕ, ಆ ಕುಸ್ತಿಗೆ ಮತ್ತೆ ಕೇಳುವಂತಿಲ್ಲ. ಕೆಂಪಿನ ಕೋಚ್ ಸೋತರೆ ಫಲಕ 4–5. ಫಲಿತಾಂಶ ಅದೇ, ಅಂಕ ಮಾತ್ರ ಬೇರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಸಾಕ್ಷಿ ಮಲಿಕ್ 58 ಕಿಲೊ ಕಂಚಿನ ಕುಸ್ತಿಯಲ್ಲಿ 0–5ರಿಂದ ಮೇಲೆದ್ದು ಕೊನೆಯ ಸೆಕೆಂಡುಗಳಲ್ಲಿ ಮುಂದೆ ಹೋದಾಗ ಕಿರ್ಗಿಸ್ತಾನದ ಕಡೆಯವರು ಚಾಲೆಂಜ್ ಕೇಳಿ ಸೋತರು. ಫಲಕದಲ್ಲಿ 8–5 ಎಂದು ಕಂಡದ್ದರಲ್ಲಿ ಆ ಒಂದು ಅಂಕವೂ ಸೇರಿದೆ.

ಊರಿನ ಕಮಿಟಿಯವರಿಗೆ

ಮಣ್ಣಿನ ಕುಸ್ತಿ ಆಡಿಸುವವರು ಮ್ಯಾಟಿನಿಂದ ತರಬಹುದಾದ ಒಂದು ಸಂಗತಿ ಮೂವರ ಪದ್ಧತಿ. ಕಣದಲ್ಲಿ ಇಬ್ಬರು, ಅಂಚಿನಲ್ಲಿ ಸೀಟಿ ಗಡಿಯಾರ ಹಿಡಿದ ಒಬ್ಬ. ಹತ್ತಾರು ಜನ ಹಿರಿಯರು ಕಣದೊಳಗೆ ನಿಂತರೆ ಗೌರವವೇನೋ ಹೌದು, ಆದರೆ ಜನರಿಗೂ ಕಾಣುವುದಿಲ್ಲ, ಪಂಚರಿಗೂ ಜಾಗ ಇರುವುದಿಲ್ಲ. ಹಿರಿಯ ಪೈಲ್ವಾನರಿಗೆ ಅಂಚಿನಲ್ಲಿ ಖುರ್ಚಿ ಹಾಕಿ, ರುಮಾಲು ಸುತ್ತಿ ಸನ್ಮಾನ ಮಾಡಿ ಕೂರಿಸಬಹುದು. ಆ ಜೋಡಿಯ ಉಸ್ತಾದರು, ಊರವರು ಆ ಕುಸ್ತಿಗೆ ಪಂಚರಾಗಬಾರದು.

ಹಲಗಿಯವರಿಗೂ ಹೇಳಿಡಬೇಕು. ಪೈಲ್ವಾನ ಗಾಳಿಯಲ್ಲಿರುವಾಗಲೇ ಹಲಗಿ ಜೋರಾಗುತ್ತದೆ, ಜನ ಎದ್ದು ನಿಲ್ಲುತ್ತಾರೆ, ಗದ್ದಲಕ್ಕೆ ಸಿಕ್ಕ ಪಂಚ ನೋಡುವ ಮುಂಚೆ ಕೈ ಎತ್ತುತ್ತಾನೆ. ಒಮ್ಮೆ ಎತ್ತಿದ ಕೈ ಇಳಿಸುವುದು ಕಷ್ಟ. ಪಂಚನ ಕೈ ನೋಡಿ ಹಲಗಿ ಬಡಿಯಬೇಕು.

ಮೊಬೈಲ್ ವಿಡಿಯೊ ಈಗಿನ ಹೊಸ ತಲೆನೋವು. ಸೋತವನ ಕಡೆಯ ಹುಡುಗ ಓಡಿ ಬಂದು "ನೋಡ್ರಿ ಅಜ್ಜಾರ, ಭುಜ ಎದ್ದೈತಿ" ಎಂದು ಮೊಬೈಲ್ ಹಿಡಿಯುತ್ತಾನೆ. ನಿಂತು, ದೂರದಿಂದ, ಜೂಮ್ ಮಾಡಿ ತೆಗೆದ ವಿಡಿಯೊದಲ್ಲಿ ಭುಜ ಮತ್ತು ಮಣ್ಣಿನ ನಡುವಿನ ಸಂದು ಸಿಗುವುದಿಲ್ಲ. ಮೇಲಿನಿಂದ ನೋಡಿದರೆ ಎರಡು ಬೆರಳಿನ ಅಂತರವೂ ಹತ್ತಿದ ಹಾಗೇ, ಹತ್ತಿದ್ದೂ ಎದ್ದ ಹಾಗೇ. ವಿಡಿಯೊ ನೋಡುವುದೇ ಆದರೆ ಕಮಿಟಿಯೇ ಎರಡು ಕ್ಯಾಮೆರಾವನ್ನು ಎದುರುಬದುರು, ಮೊಣಕಾಲೆತ್ತರಕ್ಕೆ ಇಡಬೇಕು. ಅಷ್ಟು ಮಾಡಲಾಗದಿದ್ದರೆ "ವಿಡಿಯೊ ನೋಡುವುದಿಲ್ಲ, ಪಂಚರ ಮಾತೇ ಕೊನೆ" ಎಂದು ಮೊದಲ ಜೋಡಿ ಬಿಡುವ ಮುಂಚೆ ಸಾರಿಬಿಡಬೇಕು.

ಇನ್ನು ಬೆಳಕು. ಮಧ್ಯಾಹ್ನ ಹುಡುಗರಿಂದ ಶುರುವಾಗಿ ಮೊದಲನೇ ನಂಬರ್ ಜೋಡಿ ಕಣಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅತಿ ದೊಡ್ಡ ಇನಾಮಿನ ಕುಸ್ತಿಗೆ ಅತಿ ಕೆಟ್ಟ ಬೆಳಕು. ಒಂದೇ ಕಡೆಯಿಂದ ಫೋಕಸ್ ಲೈಟ್ ಹಾಕಿದರೆ, ನೋಡಲು ಬಾಗಿದ ಪಂಚನ ನೆರಳೇ ಭುಜದ ಮೇಲೆ ಬೀಳುತ್ತದೆ. ಎರಡು ಎದುರುಬದುರು ಕಂಬಗಳಿಗೆ, ಪಂಚನ ತಲೆಗಿಂತ ಸಾಕಷ್ಟು ಮೇಲೆ ಲೈಟ್ ಕಟ್ಟಬೇಕು. ಅದಕ್ಕೆ ಅನುಕೂಲ ಇಲ್ಲದ ಊರಿನವರು ದೊಡ್ಡ ಜೋಡಿಯನ್ನು ಸಂಜೆ ಐದರೊಳಗೆ ಬಿಡಲಿ. ಉಳಿದ ಸಣ್ಣ ಜೋಡಿಗಳು ಆಮೇಲೆ ಹಿಡಿಯಲಿ. ಜನ ಎದ್ದು ಹೋದರೆ ಹೋಗಲಿ.